ಸಣ್ಣಕುದ್ರುವಿಗೆ ಇಬ್ಬರು

ಜಯನಗರ 4ನೇ 'ಟಿ' ಬ್ಲಾಕ್
4 ನವೆಂಬರ್ 2024

ಮಂಗಳಾ,

ಶರಣು. ಜಯನಗರದಿಂದ ಚಿಕ್ಕಲಸಂದ್ರಕ್ಕೆ ಆಟೋದಲ್ಲಿ ಅರ್ಧ ಗಂಟೆ. ಅಷ್ಟು ಹತ್ತಿರವಿರುವ ನಾದಿನಿಗೆ ಅಂಚೆಯಲ್ಲಿ ಕಾಗದ ಹಾಕುವ ಅತ್ತಿಗೆ ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ನಗುವುದಿದ್ದರೆ ಮೊದಲು ನಕ್ಕುಬಿಡು, ಆಮೇಲೆ ಓದು.

ನಿನ್ನಣ್ಣ ಲಿಂಗೈಕ್ಯರಾಗಿ ಒಂಬತ್ತು ತಿಂಗಳಾಗುತ್ತಾ ಬಂತು. ಒಂದು ಸಲ ಬಿಟ್ಟರೆ ಅಷ್ಟೂ ದಿನ ನಿನ್ನ ಫೋನನ್ನು ನಾನು ಎತ್ತಿಲ್ಲ. ಸೊಕ್ಕು ಎಂದುಕೊಂಡಿರುತ್ತೀಯ. ನಿನ್ನ ದನಿ ಅವರದೇ, ಮಂಗಳಾ. ಅದೇ ಒಡಕು, "ಹಲೋ" ಎನ್ನುವುದಕ್ಕೆ ಮುಂಚೆ ಅದೇ ಸಣ್ಣ ಕೆಮ್ಮು. ಕಾರ್ಯ ಮುಗಿದ ಮಾರನೆಯ ದಿನ ನೀನು ಫೋನಿನಲ್ಲಿ "ಊಟ ಆಯ್ತಾ?" ಅಂದೆ. ನಾನು "ಆಯ್ತು ರೀ" ಎಂದುಬಿಟ್ಟೆ. ನಿನಗೆ ಕೇಳಿಸಿತೋ ಇಲ್ಲವೋ. ಆಮೇಲೆ ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಬಿಟ್ಟೆ. ಕಾಗದಕ್ಕೆ ದನಿಯಿಲ್ಲ, ಅದಕ್ಕೇ ಕಾಗದ.

ಈಗ ವಿಷಯಕ್ಕೆ ಬರುತ್ತೇನೆ. ಸ್ಕ್ಯಾನಿಂಗ್‌ಗೆ ಹೋದ ದಿನ ಅವರ ಹೆಗಲಲ್ಲಿದ್ದ ಚೀಲ ಅವತ್ತಿನ ಗಲಾಟೆಯಲ್ಲಿ ನಿನ್ನ ಮಗಳು ಸ್ಪಂದನಾಳ ಕೈಸೇರಿ ನಿಮ್ಮ ಮನೆಗೆ ಹೋಗಿದೆ. ಅದರಲ್ಲಿ ಒಂದು ಹಳದಿ ಚೀಟಿ ಇರಬೇಕು. ಕುಂದಾಪುರದ ಹತ್ತಿರ ಸಣ್ಣಕುದ್ರು ಎಂಬ ಜಾಗ. ಅಲ್ಲಿ ಕೋಣೆ ಕೊಡುವ ಜಲಜಕ್ಕನ ನಂಬರು. ಆ ಕಡೆ ಹೊಳೆಯ ನಡುವಿನ ದ್ವೀಪಕ್ಕೆ ಕುದ್ರು ಎನ್ನುತ್ತಾರಂತೆ. ಮೂವತ್ತಾರು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು ನಾನು. 'ನಾಲ್ಕೂ ಕಡೆ ನೀರಿರುವ ನೆಲವೇ ದ್ವೀಪ' ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಒಂದನ್ನೂ ಕಣ್ಣಾರೆ ಕಂಡಿಲ್ಲ. ಮದುವೆಯಾದಾಗಿನಿಂದ "ಕರ್ಕೊಂಡ್ ಹೋಗ್ತೀನಿ ಕಣೇ, ಸ್ವಲ್ಪ ತಡಿ" ಎನ್ನುತ್ತಿದ್ದ ಮನುಷ್ಯ ಕೊನೆಗೂ ಕೋಣೆ ಹಿಡಿದಿದ್ದರು. ಇಬ್ಬರಿಗೆ, ಎರಡು ದಿನಕ್ಕೆ. ಹೊರಡಲು ಒಂದು ವಾರವಿದ್ದಾಗ ತಾವೊಬ್ಬರೇ ಬೇರೆ ಕಡೆ ಹೊರಟುಹೋದರು.

ಫೆಬ್ರವರಿಯಲ್ಲಿ, ವರ್ಷ ತುಂಬುವ ಹೊತ್ತಿಗೆ, ನಾನು ಅಲ್ಲಿಗೆ ಹೋಗಬೇಕೆಂದಿದ್ದೇನೆ. ಚೀಟಿ ಮಾತ್ರ ಕಳಿಸು. ಚೀಲ ನಿನ್ನ ಹತ್ತಿರವೇ ಇರಲಿ.

ನಿನ್ನ ಅತ್ತಿಗೆ,
ಕಮಲಾದೇವಿ


ಚಿಕ್ಕಲಸಂದ್ರ
13 ನವೆಂಬರ್ 2024

ಅತ್ತಿಗೆಗೆ ಮಂಗಳಾಳ ಶರಣಾರ್ಥಿ.

ಕಾಗದದ ಮೇಲೆ ನಿಮ್ಮ ಅಕ್ಷರ ನೋಡಿ ನಗು ಬರಲಿಲ್ಲ, ಅಳು ಬಂತು. ಬೊಮ್ಮನಹಳ್ಳಿಯ ಬಸ್ಸಿನಲ್ಲಿ ನಿಂತುಕೊಂಡೇ ಎರಡು ಸಲ ಓದಿದೆ. ನನ್ನ ಸ್ಟಾಪು ದಾಟಿಹೋಗಿತ್ತು.

ನೀವು "ಆಯ್ತು ರೀ" ಎಂದದ್ದು ನನಗೆ ಕೇಳಿಸಿತ್ತು. ಯಾರಿಗೂ ಹೇಳಿಲ್ಲ.

ನೀವು ಮುನಿಸಿಕೊಂಡ ಕಾರಣ ಬೇರೆ ಎಂದುಕೊಂಡಿದ್ದೆ. ಅಣ್ಣ ಐಸಿಯುನಲ್ಲಿದ್ದ ಮೂರು ದಿನ ಫ್ಯಾಕ್ಟರಿಯಲ್ಲಿ ಶಿಪ್‌ಮೆಂಟು ಇತ್ತು. ಲೈನ್ ಸೂಪರ್‌ವೈಸರ್ ನಾನೇ ಇಲ್ಲದಿದ್ದರೆ ಹೇಗೆ ಎಂದು ರಜೆ ಕೊಡಲಿಲ್ಲ. ಕಾಲರು ಹೊಲಿಸುತ್ತಾ ಕೂತೆ. ಅದಕ್ಕೆ ನೀವು ನನ್ನನ್ನು ಕ್ಷಮಿಸಿಲ್ಲ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ದನಿಯೇ ಕಾರಣವಾದರೆ ನಾನೇನು ಮಾಡಲಿ? ನಮ್ಮಪ್ಪ ಇಬ್ಬರಿಗೂ ಒಂದೇ ಗಂಟಲು ಕೊಟ್ಟು ಹೋದ.

ಚೀಟಿ ಇದರ ಜೊತೆಗಿದೆ. ಮಡಿಕೆಯಲ್ಲಿ ಹರಿಯುತ್ತಿತ್ತು, ಸ್ಪಂದನಾ ಟೇಪು ಅಂಟಿಸಿದ್ದಾಳೆ. ಹೋಗಿ ಬನ್ನಿ ಅತ್ತಿಗೆ, ನನಗಂತೂ ಸಂತೋಷವೇ. ರೈಲಿನ ಟಿಕೆಟ್ಟು ಸ್ಪಂದನಾ ಮೊಬೈಲಿನಲ್ಲೇ ಮಾಡಿಕೊಡುತ್ತಾಳಂತೆ. ಅವಳು ಕೇಳುತ್ತಿದ್ದಾಳೆ, ಜೊತೆಗೆ ಯಾರು? ನಿಮ್ಮ ಸ್ಕೂಲಿನ ಸೀತಮ್ಮ ಟೀಚರಾ?

ನಿಮ್ಮ
ಮಂಗಳಾ


ಜಯನಗರ
2 ಡಿಸೆಂಬರ್ 2024

ಮಂಗಳಾ,

ಚೀಟಿ ಬಂತು. ಏಳು ಸೊನ್ನೆಯಂತೆ, ಒಂಬತ್ತು ನಾಲ್ಕರಂತೆ, ಅವರ ಕೈಬರಹ ಓದುವುದೇ ಕಷ್ಟ. ಎರಡು ಸಲ ತಪ್ಪು ನಂಬರಿಗೆ ಹೋಗಿ, ಮೂರನೆಯ ಸಲ ಜಲಜಕ್ಕ ಸಿಕ್ಕರು. ಒಳ್ಳೆಯ ಹೆಂಗಸು. "ಕಳ್ದ್ ಸಲ ಬತ್ತೆ ಅಂದ್ರಿ, ಬರ್ಲೇ ಇಲ್ಲ" ಎಂದರು. ನಾನು ಏನೋ ಅಡ್ಡಿ ಬಂತು ಎಂದೆ. "ಎಷ್ಟ್ ಜನ ಬತ್ರಿ?" ಎಂದು ಕೇಳಿದರು. ಇಬ್ಬರು ಎಂದೆ.

ಅವರ ಮನೆಯಲ್ಲಿ ಮೀನು ಹತ್ತದ ಪಾತ್ರೆ ಒಂದಾದರೂ ಇದೆಯೇ ಎಂದು ಕೇಳಿದ್ದಕ್ಕೆ ಜೋರಾಗಿ ನಕ್ಕು, ಹೊಸ ಕುಕ್ಕರನ್ನೇ ತೆಗೆದಿಡುತ್ತೇನೆ ಎಂದರು. ದಡದಿಂದ ದೋಣಿಯಲ್ಲಿ ಹತ್ತು ನಿಮಿಷವಂತೆ. ಕೋಣೆಯ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಗೆ ನೀರು. ಸಮುದ್ರ ಉಕ್ಕಿದಾಗ ಹತ್ತೇ ಹೆಜ್ಜೆ. ಆಳ ಎಷ್ಟು ಎಂದೆ. "ನಿಮ್ಗೆಂತಕ್ಕೆ ಅದೆಲ್ಲ, ದಡದಲ್ಲಿ ಕೂತ್ಕಣಿ" ಎಂದರು. ಭೂಗೋಳದ ಟೀಚರು, ಕೇಳದೆ ಇರಲಾಗುತ್ತದೆಯೇ?

ಜೊತೆಗೆ ಯಾರು ಎಂದಿದ್ದೀಯ. ಸೀತಮ್ಮ ಬಂದರೆ ದ್ವೀಪವೇ ಬಾಯಿ ಮುಚ್ಚು ಎನ್ನುತ್ತದೆ, ಅವಳು ಬೇಡ. ಇಬ್ಬರು ಹೋಗುತ್ತೇವೆ. ಅಷ್ಟು ಸಾಕು.

ಇಲ್ಲಿಯ ಸುದ್ದಿ ಏನಿದೆ? ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ, ಮನುಷ್ಯರು ಬಂದರೆ ತಾನೇ ಹೊತ್ತಿಕೊಳ್ಳುವ ದೀಪ ಹಾಕಿಸಿದ್ದಾರೆ. ನಾನು ಹತ್ತಿದರೆ ಅದು ಹೊತ್ತುವುದಿಲ್ಲ. ಮೇಲಿನ ಮನೆಯವರ ನಾಯಿಗೂ ಹೊತ್ತುತ್ತದೆ. ಸೆಕ್ರೆಟರಿಗೆ ಹೇಳಿದೆ, "ಸರ್ಯಾಗೇ ಇದೆಯಲ್ಲಾ ಮೇಡಂ" ಎಂದ. ಕಾಂಪ್ಲೆಕ್ಸಿನ ಹೂವಿನ ಅಂಕಮ್ಮ ಮೊನ್ನೆ ನಾನು ಎದುರಿಗೇ ನಿಂತಿದ್ದರೂ ಹಿಂದಿನವರಿಗೆ ಮಲ್ಲಿಗೆ ಅಳೆದು ಕೊಟ್ಟಳು. ಕರೆದ ಮೇಲೆ ತಲೆಯೆತ್ತಿ, "ಅಯ್ಯೋ, ನೋಡ್ಲೇ ಇಲ್ಲ ಕಣಕ್ಕಾ" ಎಂದಳು. ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದರೆ ಮೂಗು ಬಾಯಿಗೆಲ್ಲ ವಿಭೂತಿ ತುಂಬಿದಂತಾಗಿ ಕೆಮ್ಮುತ್ತಾ ಏಳುತ್ತೇನೆ. ವಯಸ್ಸಾಯಿತು, ಇನ್ನೇನು.

ಬಾಲ್ಕನಿಯ ಬಿಲ್ವದ ಗಿಡವನ್ನು ಕೆಳಗಿನ ಮನೆಯವರಿಗೆ ಕೊಟ್ಟೆ. ಫೆಬ್ರವರಿಯಿಂದ ಹಾಲು, ಪೇಪರು ಬೇಡ ಎಂದಿದ್ದೇನೆ. ನನ್ನ ಹಸಿರು ಇಳಕಲ್ ಸೀರೆ ಸ್ಪಂದನಾಗೆ. ಟಿಕೆಟ್ಟು ಮಾಡಲು ಬಂದಾಗ ಕೊಡುತ್ತೇನೆ. ಮನೆಯ ಇನ್ನೊಂದು ಕೀ ಈ ಕವರಿನಲ್ಲಿದೆ, ಜೋಪಾನ.

ಅತ್ತಿಗೆ,
ಕಮಲಾದೇವಿ


ಚಿಕ್ಕಲಸಂದ್ರ
8 ಜನವರಿ 2025

ಅತ್ತಿಗೆ,

ಈ ಸಲ ಶರಣಾರ್ಥಿಯೂ ಇಲ್ಲ, ಕ್ಷೇಮ ಸಮಾಚಾರವೂ ಇಲ್ಲ. ಕೋಪ ಬಂದಿದೆ.

ನೆನ್ನೆ ಸ್ಪಂದನಾ ಟಿಕೆಟ್ಟು ತೋರಿಸಿದಳು. ಹೋಗುವುದಕ್ಕೆ ಮಾತ್ರ ಇದೆ, ಬರುವುದಕ್ಕಿಲ್ಲ. ಅದೂ ಒಬ್ಬರಿಗೆ. "ರಿಟರ್ನ್ ಆಮೇಲೆ ನೋಡೋಣ ಅಂದ್ರು ಅತ್ತೆ" ಎಂದಳು. ಜಲಜಕ್ಕನಿಗೆ ಇಬ್ಬರು ಎಂದು ಹೇಳಿದವರು ರೈಲಿಗೆ ಒಬ್ಬರಾದದ್ದು ಹೇಗೆ? ಗಿಡ ಕೊಟ್ಟಿರಿ, ಸೀರೆ ಕೊಟ್ಟಿರಿ, ಕೀ ಕೊಟ್ಟಿರಿ, ನೀರಿನ ಆಳ ಕೇಳಿದಿರಿ. ಇಪ್ಪತ್ತು ವರ್ಷದಿಂದ ಗಾರ್ಮೆಂಟ್ಸಿನಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕಣ್ಣಮುಂದೆ ಕೂರಿಸಿಕೊಂಡು ಕೆಲಸ ಮಾಡಿಸಿದವಳು ನಾನು. ಒಬ್ಬಳು ಇದ್ದಕ್ಕಿದ್ದಂತೆ ಬಳೆ, ಕ್ಲಿಪ್ಪು ಎಲ್ಲ ಪಕ್ಕದವಳಿಗೆ ಹಂಚಲು ಶುರು ಮಾಡಿದರೆ ಏನು ಎಂದು ನನಗೆ ಗೊತ್ತು. ನೇರವಾಗಿ ಕೇಳುತ್ತೇನೆ, ನೀವು ವಾಪಸ್ ಬರಬಾರದು ಎಂದೇ ಹೋಗುತ್ತಿದ್ದೀರಾ?

ಹೋದ ಭಾನುವಾರ ಬೆಳಿಗ್ಗೆ ನಿಮ್ಮ ಬಾಗಿಲವರೆಗೆ ಬಂದಿದ್ದೆ. ಬೆಲ್ಲಿನ ಮೇಲೆ ಬೆರಳಿಟ್ಟೆ. ಒಳಗೆ ನೀವು, "ಏಳ್ರೀ, ನೀರು ಕಾದಿದೆ. ಪೂಜೆಗೆ ಹೊತ್ತಾಯ್ತು" ಎನ್ನುತ್ತಿದ್ದಿರಿ. ಒತ್ತಲಿಲ್ಲ. ಕೀ ಕೈಯಲ್ಲೇ ಇತ್ತು, ಆದರೂ ತೆಗೆಯಲಿಲ್ಲ. ನನ್ನ ದನಿ ಕೇಳಿ ಎಲ್ಲಿ ಅಣ್ಣನೇ ಉತ್ತರ ಕೊಟ್ಟ ಎಂದುಕೊಳ್ಳುತ್ತೀರೋ ಎಂದು ಹೆದರಿದೆ. ನಿಮ್ಮ ಮೆಟ್ಟಿಲಿನ ದೀಪ ನನಗೂ ಹೊತ್ತಲಿಲ್ಲ ಅತ್ತಿಗೆ. ಕತ್ತಲಲ್ಲೇ ಇಳಿದು ಬಂದೆ. ಅದು ಕೆಟ್ಟಿದೆ, ಅಷ್ಟೇ. ಸೆಕ್ರೆಟರಿಗೆ ಇನ್ನೊಂದು ಸಲ ಹೇಳಿ.

ಈ ಕಾಗದ ತರುವ ಸ್ಪಂದನಾ ನಿಮ್ಮಲ್ಲೇ ಉಳಿಯುತ್ತಾಳೆ. ಆಫೀಸಿಗೆ ಹತ್ತಿರ ಎಂದು ಅವಳಿಗೆ ಹೇಳಿದ್ದೇನೆ. ನಿಮಗೆ ನಿಜವೇ ಹೇಳುತ್ತೇನೆ, ನಿಮ್ಮನ್ನು ಒಬ್ಬರೇ ಬಿಡಲು ನನಗೆ ಧೈರ್ಯವಿಲ್ಲ.

ಆ ಎರಡನೆಯವರು ಯಾರು?

ಮಂಗಳಾ


ಜಯನಗರ
14 ಜನವರಿ 2025, ಸಂಕ್ರಾಂತಿ

ಮಂಗಳಾ,

ನೀನು ಕಳಿಸಿದ ಕಾವಲುಗಾರ್ತಿ ಹಾಲಿನಲ್ಲಿ ಲ್ಯಾಪ್‌ಟಾಪ್ ಒತ್ತುತ್ತಾ, ನನ್ನ ಎಳ್ಳುಬೆಲ್ಲದಲ್ಲಿ ಕೊಬ್ಬರಿ ಮಾತ್ರ ಆರಿಸಿ ತಿನ್ನುತ್ತಾ ಕೂತಿದ್ದಾಳೆ. ನಾನು ಬಚ್ಚಲಿಗೆ ಹೋದರೂ ಐದು ನಿಮಿಷಕ್ಕೊಮ್ಮೆ "ಅತ್ತೆ" ಎಂದು ಕೂಗುತ್ತಾಳೆ. ಹಾಗಾದರೆ ಹೇಳಿಬಿಡುತ್ತೇನೆ. ಹನ್ನೊಂದು ತಿಂಗಳಿಂದ ಗಂಟಲಲ್ಲಿದೆ.

ಎರಡನೆಯವರು ನಿನ್ನಣ್ಣ.

ನಿನಗೆ ಗೊತ್ತು, ಅವರು ಇಷ್ಟಲಿಂಗವನ್ನು ಮೈಯಿಂದ ತೆಗೆದವರೇ ಅಲ್ಲ. ನಾನು ಹಾಗಲ್ಲ. ಕೊರಳಲ್ಲಿ ದಾರ ಒತ್ತಿ ಕೆರೆತ ಬಂತೆಂದು ಎಂಟು ವರ್ಷದ ಹಿಂದೆ ದೇವರ ಕೋಣೆಯ ಮೊಳೆಗೆ ಹಾಕಿದವಳು, ಪೂಜೆಯ ಹೊತ್ತಿಗೆ ಮಾತ್ರ ಕೈಗೆ ತೆಗೆದುಕೊಳ್ಳುತ್ತಿದ್ದೆ. "ಮೊಳೆಗೆ ಯಾಕೆ ದೀಕ್ಷೆ ಕೊಡಿಸಿದ್ದೀಯ?" ಎಂದು ರೇಗಿಸುತ್ತಿದ್ದರು. ಸ್ಕ್ಯಾನಿಂಗ್ ದಿನ ಮೈಮೇಲೆ ಬೆಳ್ಳಿ ಇರಬಾರದು ಎಂದರು. ಮೊದಲ ಸಲ ತೆಗೆದು ನನ್ನ ಕೈಗೆ ಕೊಟ್ಟರು. ಅದೇ ಮೊಳೆಗೆ, ನನ್ನದರ ಪಕ್ಕದಲ್ಲಿ ಹಾಕಿದೆ. ಲಿಂಗವಿಡುವ ಬೆಳ್ಳಿಯ ಕರಡಿಗೆ ಎರಡೂ ಒಂದೇ ಅಕ್ಕಸಾಲಿಗ ಮಾಡಿದ್ದು, ಒಂದೇ ಅಳತೆ. ಸ್ಕ್ಯಾನಿಂಗ್‌ನಿಂದ ಅವರನ್ನು ನೇರ ಆಸ್ಪತ್ರೆಗೆ ಒಯ್ದರು. ಮೂರು ದಿನದ ಮೇಲೆ ಮನೆಗೆ ಬಂದದ್ದು ಅವರ ದೇಹ.

ಮಣ್ಣು ಮಾಡುವ ದಿನ ಬಿ.ಪಿ. ಏರಿ ನನ್ನನ್ನು ಒಳಗೆ ಮಲಗಿಸಿದ್ದರು. ಹೊರಗೆ ಅಯ್ಯನವರು ಲಿಂಗ ತನ್ನಿ ಎಂದರು. ನೀನು ದೇವರ ಕೋಣೆಗೆ ಓಡಿದ್ದು ಮಲಗಿದ್ದಲ್ಲಿಂದಲೇ ಕಾಣಿಸಿತು. ಒಂಬತ್ತನೆಯ ದಿನ ನಾನು ಪೂಜೆಗೆಂದು ಮೊಳೆಯಲ್ಲಿ ಉಳಿದದ್ದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡೆ. ನನ್ನದಕ್ಕೆ ಮೇಲೊಂದು ಸಣ್ಣ ಚಕ್ಕೆ ಎದ್ದಿತ್ತು, ಸ್ಪಂದನಾಳ ನಾಮಕರಣದ ದಿನ ಕೈಜಾರಿ ಬಿದ್ದದ್ದು. ಇದಕ್ಕೆ ಚಕ್ಕೆಯಿಲ್ಲ. ಎಡಗಡೆ ಕಂತಿ, ಲಿಂಗದ ಮೇಲಿನ ಆ ಕರಿ ಲೇಪ, ಸವೆದು ನುಣುಪಾಗಿದೆ. ನಲವತ್ತು ವರ್ಷ ಅವರು ಹೆಬ್ಬೆರಳು ಇಡುತ್ತಿದ್ದ ಜಾಗ. ನನ್ನ ಹೆಬ್ಬೆರಳು ಅಲ್ಲಿ ಕೂರುವುದಿಲ್ಲ.

ಮಣ್ಣಿಗೆ ಹೋಗುವಾಗ ಅವರವರ ಲಿಂಗ ಅವರವರ ಎಡಗೈಯಲ್ಲಿ ಇರಬೇಕು. ಅವರ ಕೈಯಲ್ಲಿ ಹೋದದ್ದು ನನ್ನದು. ಹೂತದ್ದು ನನ್ನನ್ನು, ಮಂಗಳಾ. ಮನೆಯಲ್ಲಿ ಉಳಿದಿರುವವರು ಅವರು. ದಿನಾ ಬೆಳಿಗ್ಗೆ ಎಬ್ಬಿಸುತ್ತೇನೆ, ನೀರು ಕಾಯಿಸುತ್ತೇನೆ, ಪೂಜೆ ಮಾಡುತ್ತೇನೆ. ಅವರು ಇದ್ದಾರೆ. ಇಲ್ಲದವಳು ನಾನು. ದೀಪಕ್ಕೆ, ಅಂಕಮ್ಮನಿಗೆ ನಾನು ಕಾಣದಿರುವುದು ಅದಕ್ಕೇ. ಮಧ್ಯಾಹ್ನ ಬಾಯಿಗೆ ಬರುವ ವಿಭೂತಿ ಆ ಗುಂಡಿಯದು. ಲಿಂಗ ಕಳೆದುಕೊಂಡವರು ಹೆಚ್ಚು ದಿನ ಇರಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಪಾಠ ಮಾಡುವಾಗ ಇಂಥದ್ದಕ್ಕೆಲ್ಲ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಅವರನ್ನು ಒಪ್ಪಿಸಬೇಕು. ಹರಿಯುವ ನೀರಿಗೆ ಒಪ್ಪಿಸಬಹುದು. ಅವರು ಕರೆದುಕೊಂಡು ಹೋಗುತ್ತೇನೆಂದ ಜಾಗಕ್ಕೇ ಒಯ್ಯುತ್ತೇನೆ. ಆಮೇಲೆ ಯಾವ ಮನೆಗೆ ವಾಪಸ್ ಬರಲಿ? ನೀನು ನೇರವಾಗಿ ಕೇಳಿದೆ, ನಾನೂ ನೇರವಾಗಿ ಹೇಳಿದ್ದೇನೆ.

ಕಮಲಾದೇವಿ


ಚಿಕ್ಕಲಸಂದ್ರ
16 ಜನವರಿ 2025

ಅತ್ತಿಗೆ,

ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ಪೂರ್ತಿ ಓದಿ.

ಅದು ಗಡಿಬಿಡಿಯಲ್ಲಿ ಆದದ್ದಲ್ಲ. ಬೇಕೆಂದೇ ಮಾಡಿದೆ. ಅಣ್ಣ ಹೇಳಿದ್ದ.

ಆಸ್ಪತ್ರೆಗೆ ಬರಲಿಲ್ಲ ಎಂದು ನಿಮಗೆ ಸುಳ್ಳು ಬರೆದಿದ್ದೆ. ಎರಡನೇ ದಿನ ಸಂಜೆ ಬಂದಿದ್ದೆ. ನೀವು ಕ್ಯಾಂಟೀನಿಗೆ ಇಳಿದಿದ್ದಿರಿ. ಐದು ನಿಮಿಷ ಒಳಗೆ ಬಿಟ್ಟರು. ಅಣ್ಣ ಕಣ್ಣು ಬಿಟ್ಟು ನನ್ನ ಕೈ ಹಿಡಿದುಕೊಂಡು, "ಮಂಗಳಾ, ನಂಗೇನಾದ್ರೂ ಆದ್ರೆ ಕಮಲಂದು ನನ್ ಜೊತೆ ಬರ್ಲಿ. ನಂದು ಅವಳ ಹತ್ರ ಇರ್ಲಿ. ನಾನು ಅವಳ ಜೊತೆಗೇ ಇರ್ತೀನಿ, ಅವಳು ಇನ್ನೂ ತುಂಬಾ ದಿನ ಇರ್ಬೇಕು" ಎಂದ. ನಾನು ಹೂಂ ಎಂದೆ. ಶಾಸ್ತ್ರಕ್ಕೆ ವಿರುದ್ಧ, ಅಯ್ಯನವರಿಗೆ ಗೊತ್ತಾದರೆ ಏನೆನ್ನುತ್ತಾರೋ ಎಂದು ಇಷ್ಟು ದಿನ ಬಾಯಿ ಬಿಡಲಿಲ್ಲ.

ಯಾರೂ ನಿಮ್ಮನ್ನು ಹೂತಿಲ್ಲ. ಅಣ್ಣ ನಿಮ್ಮದನ್ನು ಕೇಳಿ ಪಡೆದುಕೊಂಡು, ತನ್ನದನ್ನು ನಿಮಗೆ ಕೊಟ್ಟು ಹೋಗಿದ್ದಾನೆ. ಕೊಟ್ಟದ್ದನ್ನು ನೀರಿಗೆ ಹಾಕುವ ಹಕ್ಕು ನಿಮಗಿಲ್ಲ. ಅದರ ಹಿಂದೆ ಹೋಗುವ ಹಕ್ಕಂತೂ ಇಲ್ಲವೇ ಇಲ್ಲ.

ನಾನೂ ಕುದ್ರುವಿಗೆ ಬರುತ್ತೇನೆ. ಬೇಡ ಎಂದರೂ ಬರುತ್ತೇನೆ. ಈ ಸಲ ರಜೆ ಕೊಡದಿದ್ದರೆ ಕೆಲಸವನ್ನೇ ಬಿಡುತ್ತೇನೆ. ನನ್ನ ದನಿ ಕಷ್ಟವಾದರೆ ಎರಡು ದಿನವೂ ಬಾಯಿ ತೆರೆಯುವುದಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತೇನೆ.

ಅತ್ತಿಗೆ, ನಮ್ಮಮ್ಮ ಹೋದಾಗ ನನಗೆ ಹದಿಮೂರು. ತಲೆ ಬಾಚಿ ಸ್ಕೂಲಿಗೆ ಕಳಿಸಿದವರು ನೀವು. ನೀವಿಲ್ಲದಿದ್ದರೆ ನನಗೆ ಯಾರಿದ್ದಾರೆ?

ನಿಮ್ಮ
ಮಂಗಳಾ


ಜಯನಗರ
27 ಜನವರಿ 2025

ಮಂಗಳಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ದಿನಾ ಓದುತ್ತಿದ್ದೇನೆ. ಮೂವತ್ತಾರು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕೈ, ಸುಮ್ಮನಿರುವುದಿಲ್ಲ. ಕೆಂಪು ಪೆನ್ನು ತೆಗೆದುಕೊಂಡೆ.

ಮೊದಲನೆಯದು, ಐಸಿಯುಗೆ ಒಂದೇ ಪಾಸು. ಅದು ಮೂರು ದಿನವೂ ನನ್ನ ರವಿಕೆಯೊಳಗಿತ್ತು. ಎರಡನೆಯದು, ನಾನು ಕ್ಯಾಂಟೀನಿಗೆ ಹೋಗಲೇ ಇಲ್ಲ. ಪಕ್ಕದ ಬೆಡ್ಡಿನವರ ಮಗಳು ತಂದುಕೊಟ್ಟ ಇಡ್ಲಿಯೇ ಊಟ. ಮೂರನೆಯದು, ಮೊದಲ ದಿನದಿಂದಲೇ ಅವರ ಗಂಟಲಿಗೆ ಟ್ಯೂಬು ಹಾಕಿದ್ದರು. ನಿನ್ನಣ್ಣ ಒಂದು ಮಾತೂ ಆಡಲಿಲ್ಲ, ಮಂಗಳಾ. ನನ್ನ ಜೊತೆಯೂ ಆಡಲಿಲ್ಲ. ಮತ್ತೊಂದು, ನೀನು ಬರೆದ ಹಾಗೆ ಅವರು ಎಂದೂ ಮಾತಾಡಿದವರಲ್ಲ. ಪ್ರೀತಿಯ ಮಾತು ನಾಲಿಗೆಯವರೆಗೆ ಬಂದರೆ ಕೆಮ್ಮಿ, ಪೇಪರು ಕೇಳುತ್ತಿದ್ದರು. ನಲವತ್ತು ವರ್ಷ ನಾನು ಆ ಕೆಮ್ಮಿನಲ್ಲೇ ಸಂಸಾರ ಮಾಡಿದ್ದೇನೆ.

ಎಲ್ಲ ಸುಳ್ಳು. ಸೊನ್ನೆ ಕೊಡಬೇಕಿತ್ತು.

ಕೊಡಲಾಗಲಿಲ್ಲ. ದೇವರ ಕೋಣೆಯಲ್ಲಿ ಸುಳ್ಳಾಡಲು ಹೆದರುವವಳು, ಸತ್ತ ಅಣ್ಣನ ಬಾಯಲ್ಲಿ ಮಾತು ಇಟ್ಟಿದ್ದೀಯ. ನನ್ನನ್ನು ಉಳಿಸಿಕೊಳ್ಳಲು ಶಾಸ್ತ್ರದ ಪಾಪವನ್ನೂ ಬೇಕೆಂದೇ ಮಾಡಿದೆ ಎಂದು ತಲೆಗೆ ಕಟ್ಟಿಕೊಂಡಿದ್ದೀಯ. ಅಷ್ಟು ಹೆದರಿದ್ದೀಯ ನೀನು. ಇಲ್ಲದವಳಿಗಾಗಿ ಯಾರೂ ಹಾಗೆ ಹೆದರುವುದಿಲ್ಲ. ಓದುತ್ತಾ ಓದುತ್ತಾ, ಈ ಒಂದು ವರ್ಷದಲ್ಲಿ ಮೊದಲ ಸಲ, ನಾನು ಇದ್ದೇನೆ ಎಂದು ನನಗೇ ಅನ್ನಿಸಿತು. ಅತ್ತುಬಿಟ್ಟೆ. ಕಾವಲುಗಾರ್ತಿ ಓಡಿ ಬಂದು ನೀರು ಕೊಟ್ಟಳು.

ಈಗ ನನ್ನ ಸುಳ್ಳನ್ನೂ ತಿದ್ದಬೇಕು. ನಿನ್ನ ಫೋನು ಎತ್ತದಿರಲು ದನಿ ಅರ್ಧ ಕಾರಣ. ಇನ್ನರ್ಧ, ನನ್ನನ್ನು ಮಣ್ಣಿಗೆ ಹಾಕಿದವಳು ನೀನು ಎಂಬ ಸಿಟ್ಟು. ಬಾಗಿಲಲ್ಲಿ ಅರವತ್ತು ಜನ ನಿಂತು ಬೇಗ ಬೇಗ ಎನ್ನುತ್ತಿದ್ದರು, ನೀನು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡೆ. ತಪ್ಪು ನಿನ್ನದಲ್ಲ. ಕೊರಳಲ್ಲಿ ಇರಬೇಕಾದದ್ದನ್ನು ಮೊಳೆಗೆ ಹಾಕಿದವಳು ನಾನು. ನನ್ನದು ನನ್ನ ಮೈಮೇಲಿದ್ದಿದ್ದರೆ ನಿನ್ನ ಕೈಗೆ ಸಿಗುತ್ತಿದ್ದದ್ದು ಒಂದೇ. ಅದನ್ನು ನಿನ್ನ ತಲೆಗೆ ಹೊರಿಸಿ ಹನ್ನೊಂದು ತಿಂಗಳು ಕೂತಿದ್ದೆ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಕ್ಷಮಿಸು.

ನಿನ್ನೆ ಮೊಳೆಯನ್ನು ಕೀಳಿಸಿದೆ. ಅವರದನ್ನು ಕೊರಳಿಗೆ ಹಾಕಿಕೊಂಡಿದ್ದೇನೆ. ಶಾಸ್ತ್ರ ಏನಾದರೂ ಅನ್ನಲಿ. ಕೆರೆತ ಬಂದರೆ ಮುಲಾಮು ಹಚ್ಚಿಕೊಳ್ಳುತ್ತೇನೆ. ನನ್ನ ಹೆಬ್ಬೆರಳು ಇನ್ನೂ ಆ ಸವೆದ ಜಾಗದಲ್ಲಿ ಕೂರುವುದಿಲ್ಲ, ಅದರ ಪಕ್ಕದಲ್ಲಿಟ್ಟು ಪೂಜೆ ಮಾಡಿದೆ. ನೀರಿಗೆ ಬಿಡುವುದಿಲ್ಲ. ನನ್ನ ಕಾಲ ಬಂದಾಗ ಇದನ್ನೇ ನನ್ನ ಎಡಗೈಯಲ್ಲಿಡು. ಒಂದೇ ಇರುತ್ತದೆ, ಆಗಲಾದರೂ ತಪ್ಪಾಗುವುದಿಲ್ಲ. ಮಧ್ಯಾಹ್ನದ ವಿಭೂತಿ ಇನ್ನೂ ಬಾಯಿಗೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಅಲ್ಲಿ ಮಣ್ಣಿನೊಳಗೆ ನನ್ನ ಒಂದು ಭಾಗ ಅವರ ಕೈಯಲ್ಲಿದೆ. ಅದು ಅಲ್ಲೇ ಇರಲಿ. ಅವರಿಗೂ ಜೊತೆ ಬೇಕಲ್ಲ.

ಸ್ಪಂದನಾ ಟಿಕೆಟ್ಟು ಬದಲಾಯಿಸಿದ್ದಾಳೆ. ಹೋಗಲು ಎರಡು, ಬರಲು ಎರಡು. ನಿನಗೆ ಕೆಳಗಿನ ಬರ್ತು, ಮಂಡಿ ನೋವಿನ ನೆಪ ನನ್ನ ಹತ್ತಿರ ಹೇಳಬೇಡ. ಜಲಜಕ್ಕ ಮತ್ತೆ ಫೋನ್ ಮಾಡಿ, "ಇಬ್ರೇ ಅಲ್ದಾ?" ಎಂದು ಕೇಳಿದರು. ಇಬ್ಬರೇ ಎಂದೆ. ಕೊರಳಿನ ಮೇಲೆ ಕೈಯಿಟ್ಟುಕೊಂಡು ಹೇಳಿದೆ.

ಚೀಟಿ ಬರೆದು ತೋರಿಸುತ್ತೇನೆ ಎಂದಿದ್ದೀಯ. ಎರಡು ದಿನ ಮೂಕಿಯ ಜೊತೆ ದ್ವೀಪದಲ್ಲಿ ಕೂರಲು ನನಗೇನು ಹುಚ್ಚೇ? ಇನ್ನು ಮೇಲೆ ಕಾಗದವೂ ಬೇಡ, ಚೀಟಿಯೂ ಬೇಡ. ಇದು ಕೈಗೆ ಬಂದ ತಕ್ಷಣ ಫೋನ್ ಮಾಡು. "ಹಲೋ" ಎನ್ನುವುದಕ್ಕೆ ಮುಂಚೆ ಕೆಮ್ಮು ಬಂದರೆ ತಡೆಯಬೇಡ. ನಾನು ಎತ್ತುತ್ತೇನೆ.

ನಿನ್ನ ಅತ್ತಿಗೆ,
ಕಮಲಾ